ನಿದ್ದೆಯಲ್ಲಿ ಮನೆಗೆ ಬರುತ್ತಿದ್ದವನು

ಬಡವನಹಳ್ಳಿಯ ಆಚೆಗಿನ ಗೊಲ್ಲರ ಹಟ್ಟಿಗೆ ಜುಂಜಮ್ಮ ಸೊಸೆಯಾಗಿ ಬಂದಾಗ ಶೀತಜ್ವರದ ಮಾರಿ ಊರೂರು ಗುಡಿಸಿಕೊಂಡು ಹೋಗಿ ಎರಡು ವರ್ಷವಾಗಿತ್ತು. ಅವಳಿಗೆ ಹದಿನೇಳು ತುಂಬಿತ್ತು. ತವರಿನಲ್ಲಿ ಅವಳದು ಬಾಯಿಗೆ ಬೀಗವಿಲ್ಲದ ಮನೆ. ಅಪ್ಪ ಎಮ್ಮೆಯ ಮೈ ತಿಕ್ಕುವಾಗಲೂ ಎಮ್ಮೆಯೊಂದಿಗೆ ಊರ ಸುದ್ದಿ ಆಡುವವನು. ಅಂಥ ಮನೆಯಿಂದ ಬಂದವಳಿಗೆ ಸಿಕ್ಕ ಗಂಡ ಅಂಜನಪ್ಪ. ಕೇಳಿದ್ದಕ್ಕೆ ‘ಹೂಂ’, ಕೇಳದ್ದಕ್ಕೆ ಅದೂ ಇಲ್ಲ.

ಅವನೊಬ್ಬನನ್ನೇ ದೂರಿ ಫಲವಿರಲಿಲ್ಲ. ಹಿರಿಯರ ಮುಂದೆ ಗಂಡಹೆಂಡಿರು ಮಾತಾಡುವುದು ಆ ಹಟ್ಟಿಯಲ್ಲಿ ಮಾನಗೇಡು. ಹಿರಿಯರಿಲ್ಲದ ಹೊತ್ತು ಆ ಎರಡಂಕಣದ ಗುಡಿಸಲಿನಲ್ಲಿ ಇರಲೇ ಇಲ್ಲ. ಸುಗ್ಗಿ ಮುಗಿದದ್ದೇ ತಡ ಅಂಜನಪ್ಪನೂ ಅವನ ತಮ್ಮ ನರಸಪ್ಪನೂ ನೂರಿಪ್ಪತ್ತು ಕುರಿ ಹೊಡೆದುಕೊಂಡು ಹೊರಟರೆ ಮುಂಗಾರು ಬೀಳುವವರೆಗೂ ಹೊಲದಿಂದ ಹೊಲಕ್ಕೆ ಅಲೆಯುತ್ತಿದ್ದರು. ರಾತ್ರಿ ಯಾರ ಹೊಲದಲ್ಲಿ ಮಂದೆ ಮಲಗುತ್ತದೋ ಆ ಹೊಲಕ್ಕೆ ಹಿಕ್ಕೆ, ಗಂಜಲ ಬಿದ್ದು ಗೊಬ್ಬರ. ಅದಕ್ಕೆ ಒಕ್ಕಲಿನವರು ರಾಗಿ ಅಳೆದುಕೊಡುತ್ತಿದ್ದರು. ಮನೆಯ ಮಡಕೆ ತುಂಬುತ್ತಿದ್ದುದೇ ಆ ರಾಗಿಯಿಂದ.

ಹೆಂಗಸು ಮಂದೆಯ ಜೊತೆ ಹೋಗುವಂತಿರಲಿಲ್ಲ. “ಹೆಣ್ಣು ಮಂದೇಲಿ ಮಲಗಿದ್ರೆ ಕುರಿ ಕಂದಾಕ್ತವೆ, ಗಬ್ಬ ನಿಲ್ಲಾಕಿಲ್ಲ” ಎಂದು ಅತ್ತೆ ಮುನಿಯಮ್ಮ ಹೇಳುತ್ತಿದ್ದಳು. ಅವಳಿಗೆ ಅವಳ ಅತ್ತೆ ಹೇಳಿದ್ದಳು. ಹೀಗಾಗಿ ಮದುವೆಯಾಗಿ ಒಂದು ವರ್ಷ ಕಳೆದರೂ ಜುಂಜಮ್ಮನಿಗೆ ಗಂಡನ ಬೆನ್ನಿನ ಗುರುತು ಇದ್ದಷ್ಟು ಅವನ ದನಿಯ ಗುರುತು ಇರಲಿಲ್ಲ. ಒಂದು ದಿನವಾದರೂ ಈ ಮನುಷ್ಯ ತನ್ನ ಕೂಡ ಕೂತು ನಾಲ್ಕು ಮಾತಾಡಲಿ ಎಂಬುದೊಂದೇ ಅವಳ ಆಸೆ. ಸೀರೆಯನ್ನಾದರೆ ಕೇಳಬಹುದು, ಓಲೆಯನ್ನಾದರೆ ಕೇಳಬಹುದು. ಇದನ್ನು ಯಾರಲ್ಲಿ ಕೇಳುವುದು?

ಮಾಘ ಮಾಸದ ಒಂದು ರಾತ್ರಿ ಬಾಗಿಲಾಚೆ ಹೆಜ್ಜೆ ಸದ್ದಾಯಿತು. ನಾಯಿ ಬೊಗಳಲಿಲ್ಲ. ಜುಂಜಮ್ಮ ತಡಿಕೆ ಸರಿಸಿ ನೋಡಿದರೆ, ಎರಡು ಹರದಾರಿ ಆಚೆ ಶಿರಾ ದಾರಿಯ ಹೊಲದಲ್ಲಿರಬೇಕಾದ ಗಂಡ ಕಂಬಳಿ ಹೊದ್ದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಕಣ್ಣು ತೆರೆದಿತ್ತು. ಆದರೆ ನೋಟ ಅವಳನ್ನು ಹಾದು ಹಿಂದಿನ ಗೋಡೆಯನ್ನೂ ದಾಟಿ ಎಲ್ಲೋ ಹೋಗಿತ್ತು.

“ಲೇ ಜುಂಜಿ, ಕೆಂದ ಕುರಿ ಮರಿ ಹಾಕ್ತು ಕಣೆ. ಮುಂಗಾಲು ಸೊಟ್ಟ. ಬದುಕ್ತದೆ ಬುಡು, ನಾನೇ ಎತ್ಕಂಡು ತಿರುಗ್ತಾ ಇವ್ನಿ.”

ಜುಂಜಮ್ಮ ತಡಿಕೆ ಬಿಟ್ಟು ಹೊಸ್ತಿಲಲ್ಲೇ ಕೂತಳು. ಅವನು ಇದುವರೆಗೆ ಅವಳ ಹೆಸರು ಹಿಡಿದು ಕರೆದದ್ದೇ ಇಲ್ಲ.

“ಆ ಕೆರೆ ಕೋಡಿ ತಾವ ಒಂದು ಬೇವಿನ ಮರ ಐತೆ. ಅಂಥಾ ನೆಳ್ಳು ನಾನು ಎಲ್ಲೂ ಕಾಣೆ. ನೀನಿದ್ದಿದ್ರೆ ಅಲ್ಲೇ ಮೂರು ಕಲ್ಲು ಇಕ್ಕಿ ಒಲೆ ಹೂಡ್ಬೋದಾಗಿತ್ತು. ನೀರೂ ಹತ್ರ. ನಿಂಗೆ ದೂರ ಆಗಾಕಿಲ್ಲ.”

“ಆಮೇಲೆ?” ಎಂದಳು ಮೆಲ್ಲಗೆ.

“ಆಮೇಲೇನು? ನೀನು ಮುದ್ದೆ ತೊಳಸ್ತೀಯ, ನಾನು ಸೊಪ್ಪು ತರ್ತೀನಿ” ಎಂದು ಅವನು ನಕ್ಕ. ಅವನು ನಗುತ್ತಾನೆ ಎಂಬುದೇ ಅವಳಿಗೆ ಹೊಸದು. ಅವಳು ಒಳಗಿನಿಂದ ಅರ್ಧ ಮುದ್ದೆ, ಮಜ್ಜಿಗೆ ತಂದಿಟ್ಟಳು. ಮಾತಾಡುತ್ತಲೇ ಉಂಡ. ಉಂಡವನು ಅಲ್ಲೇ ಒರಗಿದ. ಬೆಳಕು ಹರಿಯುವಾಗ ಎಚ್ಚರಾಗಿ ಸುತ್ತ ನೋಡಿ, ಬೆಂಕಿ ತುಳಿದವನಂತೆ ಎದ್ದು, ಹೆಂಡತಿಯ ಮುಖವನ್ನೂ ನೋಡದೆ ಮಂದೆಯ ದಿಕ್ಕಿಗೆ ಓಡಿದ.

ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಹೀಗೇ ಆಯಿತು. ಹಟ್ಟಿಗೆ ಹಟ್ಟಿಯೇ ನಕ್ಕಿತು. ನೀರಿನ ಬಾವಿಯ ಹತ್ತಿರ ಹೆಂಗಸರು, “ಏನ್ ಕಟ್ಟು ಕಟ್ಟಿದ್ದೀಯೆ ಜುಂಜಿ? ನಮ್ಮೋರು ಎಚ್ಚರವಾಗಿದ್ರೂ ಮನೆ ಕಡೆ ತಲೆ ಹಾಕಾಕಿಲ್ಲ, ನಿನ್ನ ಗಂಡ ನಿದ್ದೇಲೂ ದಾರಿ ತಪ್ಪಾಕಿಲ್ಲ” ಎಂದು ಛೇಡಿಸಿದರು. ಜುಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊಡ ಎತ್ತುತ್ತಿದ್ದಳು. ಅವರ ನಗೆ ಅವಳಿಗೆ ನಾಟುತ್ತಿರಲಿಲ್ಲ. ರಾತ್ರಿ ಬಂದರೆ ಸಾಕು, ನಿದ್ದೆ ಬಿಟ್ಟು ಕಾಯುತ್ತಿದ್ದಳು. ಬಂದರೆ ಹಬ್ಬ. ಬಾರದಿದ್ದರೆ ಬೆಳಗಿನ ತನಕ ಪ್ರತಿ ಎಲೆಯ ಸದ್ದೂ ಅವನದೇ ಹೆಜ್ಜೆ.

ಮುನಿಯಮ್ಮನಿಗೆ ಮಾತ್ರ ನಗು ಬರಲಿಲ್ಲ. ನರಸಪ್ಪ ಒಬ್ಬನೇ ಮಂದೆ ಕಾಯುವಾಗ ತೋಳ ನುಗ್ಗಿದರೆ ಗತಿಯೇನು? ಮಗನನ್ನು ಕರೆದುಕೊಂಡು ಶಿರಾಕ್ಕೆ ಹೋಗಿ, ಮಸೀದಿ ಹಿಂದಿನ ಬೀದಿಯಲ್ಲಿದ್ದ ಒಬ್ಬ ಹಕೀಮ ಸಾಹೇಬರ ಮುಂದೆ ಕೂರಿಸಿದಳು. ಸಾಹೇಬರು ನಾಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು.

“ಇದು ಬೀಮಾರಿ ಅಲ್ಲ ಅಮ್ಮಾ. ಮೈ ಒಂದ್ ಕಡೆ ಇಟ್ಟು ದಿಲ್ ಒಂದ್ ಕಡೆ ಬಿಟ್ರೆ ಹಿಂಗೇ ಆಗ್ತದೆ. ದವಾ ಇಲ್ಲ.”

“ದವಾ ಇಲ್ದಿದ್ರೆ ಒಂದು ಉಪಾಯನಾದ್ರೂ ಹೇಳಿ ಸಾಬ್ರೆ. ಇಷ್ಟು ದೂರ ನಡ್ಕಂಡು ಬಂದಿವ್ನಿ.”

“ಕಾಲಿಗೆ ಗಂಟೆ ಕಟ್ಟಿ. ಎದ್ರೆ ಸದ್ದಾಗ್ತದೆ, ತಮ್ಮ ಹಿಡ್ಕೋತಾನೆ.”

ಸಾಹೇಬರು ಪೇಟೆಯವರು, ಕುರಿಯ ಗುಣ ಅವರಿಗೆ ತಿಳಿಯದು. ಕುರಿಯ ನಡುವೆ ಹುಟ್ಟಿ ಕುರಿಯ ನಡುವೆ ಮುದುಕಿಯಾದ ಮುನಿಯಮ್ಮನಿಗೆ ತಿಳಿಯಬೇಕಿತ್ತು. ಹೊಸ ಗಂಟೆಗೆ ಯಾಕೆ ದುಡ್ಡು ಹಾಕುವುದೆಂದು, ಮಂದೆಯ ಮುಂದೆ ನಡೆಯುವ ಹಿರೀ ಟಗರಿನ ಕೊರಳ ಗಂಟೆಯನ್ನೇ ಬಿಚ್ಚಿಸಿ ಮಗನ ಕಾಲಿಗೆ ಕಟ್ಟಿಸಿದಳು.

ಆ ವಾರ ಮಂದೆ ಶಂಕರಲಿಂಗಪ್ಪನವರ ಹೊಲದಲ್ಲಿತ್ತು. ಅವರು ಮೂರು ರಾತ್ರಿಗೆಂದು ಮುಂಚಿತವಾಗಿ ರಾಗಿ ಕೊಟ್ಟಿದ್ದ ದೊಡ್ಡ ಒಕ್ಕಲು. ಎರಡನೆಯ ರಾತ್ರಿ ಅಂಜನಪ್ಪ ಎದ್ದ. ಬೇಲಿಯ ತಡಿಕೆ ತೆಗೆದು ಹೊರಟ. ಗಂಟೆ ‘ಟಣ್’ ಎಂದಿತು. ದಿನವಿಡೀ ನಡೆದು ದಣಿದಿದ್ದ ನರಸಪ್ಪನಿಗೆ ಹುಟ್ಟಿದಾಗಿನಿಂದ ಕೇಳಿದ ಆ ಸದ್ದು ಜೋಗುಳದಂತಾಗಿ ಅವನು ಇನ್ನೊಂದು ಮಗ್ಗುಲಾದ. ಕುರಿಗಳು ಮಾತ್ರ ಎದ್ದವು. ಗಂಟೆ ಎತ್ತ ಹೋದರೆ ಅತ್ತ ಹೋಗುವುದು ಅವಕ್ಕೆ ಹುಟ್ಟುಗುಣ.

ಹಟ್ಟಿಯಲ್ಲಿ ಕೋಳಿ ಕೂಗುವ ಮೊದಲೇ ನೂರಿಪ್ಪತ್ತು ಕುರಿ ‘ಬ್ಯಾ’ ಎಂದವು. ಜನ ಕಳ್ಳರೆಂದು ದೊಣ್ಣೆ ಹಿಡಿದು ಎದ್ದು ಬಂದರು. ನೋಡಿದರೆ ಓಣಿಯ ತುಂಬ ಕುರಿ, ತಿಪ್ಪೆಯ ಮೇಲೆ ಕುರಿ, ಮುನಿಯಮ್ಮನ ಒಲೆಯ ಮುಂದೆ ಎರಡು ಕುರಿ. ನಡುವೆ ಕಲ್ಲಿನ ಮೇಲೆ ಕೂತ ಅಂಜನಪ್ಪ, ಕುಂಟ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ತೆರೆದೇ ನಿದ್ದೆಯಲ್ಲಿ ಹೇಳುತ್ತಿದ್ದ: “ಜುಂಜಿ, ನೋಡು, ಎಲ್ಲಾರ್ನೂ ಕರ್ಕೊಂಡೇ ಬಂದ್ಬುಟ್ಟೆ. ಇನ್ನು ನಾನು ಓಗಾಕಿಲ್ಲ.”

ಇಡೀ ಹಟ್ಟಿ ಕೇಳುವಂತೆ ಹೇಳಿದ. ಜುಂಜಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದೇ ಗಳಿಗೆಯಲ್ಲಿ ಈ ಮಾತು ಇಷ್ಟಕ್ಕೇ ನಿಲ್ಲದಿರಲಿ ಎಂದೂ ಅನ್ನಿಸಿತು.

ಮಧ್ಯಾಹ್ನಕ್ಕೆ ಶಂಕರಲಿಂಗಪ್ಪನವರು ಕೊಡೆ ಹಿಡಿದು ಬಂದು ಹಟ್ಟಿಯ ಯಜಮಾನನ ಮುಂದೆ ನ್ಯಾಯ ಇಟ್ಟರು. “ನೋಡಪ್ಪ, ನಾನು ರಾಗಿ ಕೊಟ್ಟಿದ್ದು ನನ್ನ ಹೊಲಕ್ಕೆ. ಇವನು ನಡುರಾತ್ರೀಲಿ ಕುರಿ ಎಬ್ಬಿಸಿ, ಎರಡು ಹರದಾರಿ ಉದ್ದಕ್ಕೂ ಸರ್ಕಾರದ ರಸ್ತೆಗೆ ಗೊಬ್ಬರ ಹಾಕ್ಸವ್ನೆ. ರಸ್ತೆ ಮೇಲೆ ನಾನು ಏನು ಬಿತ್ತಲಿ?”

ಜನ ಘೊಳ್ಳೆಂದರು. ಯಜಮಾನ ನಗು ನುಂಗಿಕೊಂಡು, “ಲೇ ಅಂಜ, ಏನೋ ಇದು?” ಎಂದ. ಅಂಜನಪ್ಪ ನೆಲ ನೋಡುತ್ತ ನಿಂತಿದ್ದ. ನಿದ್ದೆಯಲ್ಲಿ ಹರಿದ ಬಾಯಿ ಈಗ ಹೊಲಿದಂತಿತ್ತು.

“ಗಾಳಿ ಸೋಕೈತೆ ಸ್ವಾಮಿ” ಎಂದು ಮುನಿಯಮ್ಮ ಅಳತೊಡಗಿದಳು. “ಮಂದೆ ನರಸಪ್ಪನಿಗೆ ಒಪ್ಪಿಸ್ಬುಡಿ. ಇವನ್ನ ಅವರಕ್ಕನ ಊರಿಗೆ, ಪಾವಗಡದ ಕಡೆ ಕಳಿಸ್ತೀನಿ. ಅಷ್ಟು ದೂರದಿಂದ ಹೆಂಗೆ ನಡ್ಕಂಡ್ ಬತ್ತಾನೋ ನೋಡಾನ.”

ಪಾವಗಡ! ಗುಡಿಸಲ ಮರೆಯಲ್ಲಿ ನಿಂತಿದ್ದ ಜುಂಜಮ್ಮ, ಹೆಂಗಸು ನ್ಯಾಯದ ಕಟ್ಟೆಯಲ್ಲಿ ಬಾಯಿ ತೆರೆಯಬಾರದೆಂಬುದನ್ನೂ ಮರೆತು ಹೇಳಿಬಿಟ್ಟಳು:

“ನಾನೇ ಮಂದೆ ಜೊತೇಲಿ ಓಯ್ತೀನಿ. ಬರಬೇಕಾದ ಮನೆನೇ ಜೊತೇಲಿದ್ರೆ ಇನ್ನೆಲ್ಲಿಗೆ ಎದ್ದು ಬಂದಾರು?”

ಮುನಿಯಮ್ಮ, “ಕುರಿ ಕಂದಾಕ್ತವೆ ಕಣೇ ಮುಂಡೇದೆ!” ಎಂದು ಚೀರಿದಳು. ಶಂಕರಲಿಂಗಪ್ಪನವರು ಕೊಡೆ ಮಡಚಿ, “ಆ ಹೆಣ್ಮಗಳು ಹೇಳೋದರಲ್ಲೇ ನ್ಯಾಯ ಐತೆ. ನನ್ನ ಹೊಲದಲ್ಲಿ ಕುರಿ ನಿಂತರೆ ನನಗೆ ಸಾಕು” ಎಂದರು. ಒಂದೇ ಒಂದು ಕುರಿ ಕಂದು ಹಾಕಿದರೂ ಸೊಸೆ ಹಿಂದಕ್ಕೆ ಬರಬೇಕು ಎಂಬ ಕರಾರಿನ ಮೇಲೆ ಯಜಮಾನ ಒಪ್ಪಿದ. ಗಂಟೆ ಮತ್ತೆ ಟಗರಿನ ಕೊರಳಿಗೆ ಹೋಯಿತು.

ಜುಂಜಮ್ಮ ಒಂದು ಮಡಕೆ, ಒಂದು ಕಂಬಳಿ ಹೊತ್ತು ಹೊರಟಳು. ಕೆರೆ ಕೋಡಿಯ ಬೇವಿನ ಮರ ಅವನು ಹೇಳಿದಂತೆಯೇ ಇತ್ತು. ಮೂರು ಕಲ್ಲು ಇಟ್ಟು ಒಲೆ ಹೂಡಿದಳು. ಮುದ್ದೆ ತೊಳಸಿದಳು. ಅವನು ಸೊಪ್ಪು ತಂದಿಟ್ಟ. ಇಟ್ಟು ಕುರಿಯ ಕಡೆ ಹೋದ. ರಾತ್ರಿ ಮಂದೆಯ ಅಂಚಿನಲ್ಲಿ ಅವಳ ಪಕ್ಕದಲ್ಲಿ ಮಲಗಿದವನು ಗುಂಡುಕಲ್ಲು. ಏಳಲಿಲ್ಲ, ನಡೆಯಲಿಲ್ಲ, ತುಟಿ ಬಿಚ್ಚಲಿಲ್ಲ.

“ಅತ್ತಿಗೆ, ನೀನು ಬಂದಿದ್ದೇ ಬಂದಿದ್ದು, ನಮ್ಮಣ್ಣ ವಾಸಿಯಾಗೋದ” ಎಂದು ನರಸಪ್ಪ ಹಿಗ್ಗಿದ. ಯಾವ ಕುರಿಯೂ ಕಂದು ಹಾಕಲಿಲ್ಲ. ಎಲ್ಲರಿಗೂ ಒಳ್ಳೆಯದಾಯಿತು.

ಜುಂಜಮ್ಮ ನಕ್ಷತ್ರ ನೋಡುತ್ತ ಮಲಗಿರುತ್ತಿದ್ದಳು. ಮಾತಾಡುತ್ತಿದ್ದವನು ಎಲ್ಲಿ ಹೋದ? ಎರಡು ಹರದಾರಿ ಆಚೆ ಇದ್ದಾಗ ಹತ್ತಿರ ಬಂದು ಕೂತವನು, ಗೇಣಿನ ಅಂತರದಲ್ಲಿ ಮಲಗಿದಾಗ ಯಾವ ಊರಿಗೆ ಹೋದ? ಒಂದು ರಾತ್ರಿ ತಾಳಲಾರದೆ ಅವನ ಕಿವಿಯ ಹತ್ತಿರ, “ಕುಂಟ ಮರಿ ಹೆಂಗೈತೆ?” ಎಂದು ಪಿಸುಗುಟ್ಟಿದಳು. ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಇನ್ನೊಂದು ದಿನ ಹಾಡುಹಗಲಲ್ಲೇ ಕೇಳಿದಳು.

“ನಿದ್ದೇಲಿ ಬಂದು ನನ್ ತಾವ ಏನೇನ್ ಹೇಳ್ತಿದ್ದೆ, ಗೊತ್ತಾ ನಿಂಗೆ?”

“ಏನು?”

“ಈ ಬೇವಿನ ಮರ. ಈ ಒಲೆ. ಎಲ್ಲಾ.”

“ನಾನಾ?” ಎಂದ. ಕಿವಿಯ ತುದಿ ಕೆಂಪಾಯಿತು. ಇಲ್ಲದ ಕುರಿಯೊಂದನ್ನು ಅಟ್ಟಿಕೊಂಡು ಬೇಲಿಯ ಆಚೆ ಹೋಗಿಬಿಟ್ಟ.

ಬೇಸಗೆ ಬಲಿಯುವ ಹೊತ್ತಿಗೆ ಮುನಿಯಮ್ಮನಿಗೆ ಜ್ವರವೆಂದು ಸುದ್ದಿ ಬಂತು. ಆರೈಕೆಗೆ ಜುಂಜಮ್ಮ ಹಟ್ಟಿಗೆ ಹಿಂದಿರುಗಬೇಕಾಯಿತು. ಮಂದೆ ಆಗ ಮಧುಗಿರಿಯ ಕಡೆಯ ಹೊಲಗಳಲ್ಲಿತ್ತು, ದಾರಿ ಮೂರು ಹರದಾರಿಗೂ ಹೆಚ್ಚು. ಹಗಲೆಲ್ಲ ಅತ್ತೆಗೆ ಗಂಜಿ, ಕಷಾಯ. ರಾತ್ರಿ ಅವಳು ತಡಿಕೆಯನ್ನು ಕಟ್ಟದೆ ಬರಿದೇ ಮುಂದಕ್ಕೆಳೆದು ಬಿಡುತ್ತಿದ್ದಳು. ಕಟ್ಟದೆ ಬಿಟ್ಟ ಮೇಲೆ ತನ್ನನ್ನೇ ಬಯ್ದುಕೊಳ್ಳುತ್ತಿದ್ದಳು. ಅವನು ಮತ್ತೆ ನಿದ್ದೆಯಲ್ಲಿ ನಡೆದರೆ ಪಾವಗಡದ ಮಾತು ಮತ್ತೆ ಏಳುತ್ತದೆ, ಗಂಡ ಕೈತಪ್ಪಿ ಹೋಗುತ್ತಾನೆ. ನಡೆಯದಿದ್ದರೆ ಆ ಮಾತುಗಳು ಈ ಜನ್ಮಕ್ಕೆ ಮತ್ತೆ ಕೇಳುವುದಿಲ್ಲ. ಬರಬೇಡ ಎಂದು ಹಟ್ಟಿಯ ದೇವರು ಜುಂಜಪ್ಪನಿಗೆ ಕೈ ಮುಗಿಯುವಳು, ಮುಗಿದ ಕೈ ಬಿಡುವ ಮೊದಲೇ ಕಿವಿ ಓಣಿಯ ಕಡೆ ತಿರುಗುತ್ತಿತ್ತು.

ಎಂಟು ರಾತ್ರಿ ಕಾದಳು. ಯಾರೂ ಬರಲಿಲ್ಲ.

ಒಂಬತ್ತನೆಯ ದಿನ ನಡುಹಗಲು. ಜ್ವರ ಬಿಟ್ಟ ಮುನಿಯಮ್ಮ ಬಾಗಿಲಲ್ಲಿ ಬಿಸಿಲಿಗೆ ಕೂತಿದ್ದಳು. ಅವಳನ್ನು ನೋಡಲು ಬಂದ ಹೆಂಗಸರು ಸುತ್ತ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಓಣಿಯ ತಿರುವಿನಲ್ಲಿ ಅಂಜನಪ್ಪ ಕಾಣಿಸಿಕೊಂಡ. ಮೊಣಕಾಲಿನ ತನಕ ಧೂಳು, ಮುಖದ ತುಂಬ ಬೆವರು.

ಮುನಿಯಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದಳು. “ಇದೇನ್ಲಾ, ಹಗಲೊತ್ತೇ ಶುರುವಾಯ್ತಾ? ಲೇ, ಯಾರಾದ್ರೂ ಇವನ ಮುಖಕ್ಕೆ ನೀರು ಎರಚ್ರಿ!”

“ಬ್ಯಾಡ ಕಣವ್ವ. ಎಚ್ಚರವಾಗೇ ಇವ್ನಿ.”

“ಮತ್ತೆ ಯಾಕ್ ಬಂದೆ? ಮಂದೇಗೆ ಏನಾಯ್ತು?”

“ಏನೂ ಆಗಿಲ್ಲ. ನರಸಪ್ಪ ಅವ್ನೆ.”

“ನನ್ನ ನೋಡಕ್ಕೆ ಬಂದ್ಯಾ ಮಗನೆ?”

ಹೂಂ ಎಂದುಬಿಟ್ಟಿದ್ದರೆ ಮಾನವಾಗಿ ಮುಗಿಯುತ್ತಿತ್ತು. ಹೂಂ ಎನ್ನುವುದು ಅವನಿಗೆ ಅಭ್ಯಾಸವಾಗಿದ್ದ ಮಾತು ಕೂಡ. ಒಳಗೆ ಒಲೆಯ ಮುಂದೆ ಜುಂಜಮ್ಮ ಕೈಯಲ್ಲಿದ್ದ ಸೌಟು ಹಾಗೇ ನಿಲ್ಲಿಸಿ ಕೇಳುತ್ತಿದ್ದಳು. ಅಂಜನಪ್ಪ ಹೆಂಗಸರನ್ನು ನೋಡಿದ, ನೆಲ ನೋಡಿದ.

“ಇವ್ಳಿಲ್ದೆ ಆಗ್ತಾ ಇಲ್ಲ ಕಣವ್ವ. ಕರ್ಕಂಡು ಓಗಾನ ಅಂತ ಬಂದೆ.”

ಎಲೆ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಮುನಿಯಮ್ಮ ಹಣೆ ಹಣೆ ಬಡಿದುಕೊಂಡಳು. “ಅಯ್ಯೋ ಮಾನಗೆಟ್ಟೋನೆ! ನಿದ್ದೇಲಾದ್ರೂ ಬರಬಾರದಾಗಿತ್ತಾ? ಗಾಳಿ ಅಂತ ಹೇಳ್ಕಂಡು ಸುಮ್ಕಿರ್ತಿದ್ದೆ!” ಆಮೇಲೆ ಒಳಗೆ ತಿರುಗಿ ದನಿ ತಗ್ಗಿಸಿ, “ಓಗವ್ವ, ಓಗು. ನನಗೇನೂ ಆಗಿಲ್ಲ. ಇನ್ನಷ್ಟು ಹೇಳೋಕೆ ಮುಂಚೆ ಕರ್ಕಂಡು ಓಗು” ಎಂದಳು.

ಜುಂಜಮ್ಮ ಗಂಟು ಕಟ್ಟಿಕೊಂಡು ಹೊರಟಳು. ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಹಟ್ಟಿ ಮರೆಯಾಯಿತು, ಬಾವಿ ಮರೆಯಾಯಿತು. ಈಗ ಕೇಳುವವರು ಯಾರೂ ಇಲ್ಲ. ಈಗ ಹೇಳಿಯಾನು ಎಂದು ಅವಳು ಹೆಜ್ಜೆಯ ಸದ್ದಾಗದಂತೆ ನಡೆದಳು. ದಿಣ್ಣೆ ಹತ್ತಿದ ಮೇಲೆ ಅವನು ನಿಂತ. ಅವಳು ಹತ್ತಿರ ಬರುವವರೆಗೂ ನಿಂತೇ ಇದ್ದ. ಗಂಟಲು ಸರಿಮಾಡಿಕೊಂಡ.

“ಬಿಸ್ಲು ಜೋರೈತೆ” ಎಂದ. ಅವಳ ತಲೆಯ ಮೇಲಿನ ಗಂಟನ್ನು ತೆಗೆದು ತನ್ನ ತಲೆಗಿಟ್ಟುಕೊಂಡ. ತನ್ನ ಕಂಬಳಿಯನ್ನು ಅವಳ ತಲೆಗೆ ಹೊದಿಸಿ, ಈ ಸಲ ಮುಂದೆ ಹೋಗದೆ ಪಕ್ಕದಲ್ಲೇ ನಡೆದ.

“ಹೂಂ” ಎಂದಳು ಜುಂಜಮ್ಮ. ಇನ್ನೇನಾದರೂ ಹೇಳಿಯಾನೆಂದು ಮಂದೆಯ ಧೂಳು ಕಾಣುವವರೆಗೂ ಕಿವಿಗೊಟ್ಟೇ ನಡೆದಳು.