ಅತ್ತೆಯ ಮೂಲವ್ಯಾಧಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನ್ನ ಹುಣ್ಣು ಅಂಗೈಯಲ್ಲಿ ಇರಲಿಲ್ಲ. ಎಲ್ಲಿತ್ತು ಎಂದು ಬರೆಯಲು ಈ ವಯಸ್ಸಿನಲ್ಲೂ ಕೈ ಹಿಂಜರಿಯುತ್ತದೆ. ನನಗೆ ಮೂಲವ್ಯಾಧಿಯಾಗಿತ್ತು. ಚೊಚ್ಚಲ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಚಿತ್ತಾಪುರದ ಆಚೆಗಿನ ತವರೂರು ಮುಧೋಳದಿಂದ ಶಹಾಬಾದಿನ ಗಂಡನ ಮನೆಗೆ ಮರಳಿದ ವರ್ಷ ಅದು. ಆಗಿನ್ನೂ ನಿಜಾಮರ ರಾಜ್ಯ.

ಮಾವ, ಗಂಡ, ಮೈದುನ ಎಲ್ಲರೂ ಕಲ್ಲುಗಣಿಯ ಕೆಲಸದವರು. ಅವರು ಉಂಡೆದ್ದ ಮೇಲೆ ಉಳಿದ ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ ನಮಗೆ. ಹೊರಕಡೆಗೆ ಹೋಗಬೇಕೆಂದರೆ ನಸುಕಿನಲ್ಲಿ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ನಡುವೆ ಬಂದರೆ ತಡೆದುಕೊಳ್ಳಬೇಕು. ಹಗಲು ಹೋಗಬೇಕಾದೀತೆಂದು ನಾನು ನೀರನ್ನೇ ಕುಡಿಯುತ್ತಿರಲಿಲ್ಲ. ಗಂಡಸರು ತಂಬಿಗೆ ಹಿಡಿದು ಮಟಮಟ ಮಧ್ಯಾಹ್ನವೂ ಹೋಗಿಬರುತ್ತಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ರಕ್ತ ಹೋಗಿ ಹೋಗಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಎದೆಹಾಲು ಕಡಿಮೆಯಾಗಿ ಕೂಸು ಚೀರುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ನಮ್ಮೂರಿನ ಒಬ್ಬ ಹೆಣ್ಣುಮಗಳನ್ನು ಒಳಬೇನೆಯವಳೆಂದು ಅವಳ ಗಂಡನ ಮನೆಯವರು ತಂದು ಬಿಟ್ಟುಹೋಗಿದ್ದರು. ಅವಳು ತವರಿನ ಮೂಲೆಯಲ್ಲೇ ಮುದುಕಿಯಾದಳು. ನನಗೂ ಅದೇ ಗತಿ ಬಂದೀತು, ಕೂಸನ್ನು ಇವರು ಇಟ್ಟುಕೊಂಡಾರು ಎಂಬ ಹೆದರಿಕೆ.

ಕಂಡುಹಿಡಿದವರು ಅತ್ತೆ. ಓಣಿಯೇ ಅಂಜುವಂಥ ಬಾಯಿ ಅವರದು. ಬೀಸುವ ಕಲ್ಲಿನ ಮುಂದೆ ನಾನು ಒಂದೇ ಮಗ್ಗುಲಿಗೆ ಭಾರ ಹಾಕಿ ಕೂತಿದ್ದೆ. ನೋಡಿದವರೇ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ರಕ್ತ ಹೋಗ್ಲಿಕತ್ತದೇನು?"

ನಾನು ತಲೆ ತಗ್ಗಿಸಿದೆ. ನಾಚಿಕೆಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

"ಹೂಂ ಅನ್ನು, ಸಾಕು. ನನ್ನ ಬಿಟ್ಟು ಯಾರ ಮುಂದೂ ಅನಬ್ಯಾಡ."

ಶಹಾಬಾದಿನ ವೈದ್ಯರು ಮಾವನ ಗೆಳೆಯರು. ಹಾಗಾಗಿ ಬೀಗರನ್ನು ಮಾತಾಡಿಸಿ ಬರುತ್ತೇವೆಂದು ನೆಪ ಹೇಳಿ ಅತ್ತೆ ನನ್ನನ್ನೂ ಕೂಸನ್ನೂ ಚಿತ್ತಾಪುರಕ್ಕೆ ಹೊರಡಿಸಿದರು. ವಾಡಿಯಲ್ಲಿ ಗಾಡಿ ಬದಲಿಸಿದೆವು. ಡಬ್ಬಿಯಲ್ಲಿ ಹಲಗೆ ಖಾಲಿಯಿದ್ದರೂ ನಾನು ನಿಂತೇ ಇದ್ದೆ. "ನಿಂದ್ರೋಣ ತಗೋ, ಹವಾ ಬರ್ತದ" ಎಂದು ಅತ್ತೆಯೂ ಕಿಟಕಿಯ ಹತ್ತಿರ ನಿಂತರು. ನನಗೆ ಮುಜುಗರವಾಗಬಾರದೆಂದು ನಿಂತರು ಎಂದುಕೊಂಡೆ.

ಚಿತ್ತಾಪುರದಲ್ಲಿ ಔಷಧ ಕೊಡುತ್ತಿದ್ದವರು ವಯಸ್ಸಾದ ಜಂಗಮರು. ಕಟ್ಟೆಯ ತುಂಬ ಜನ, ಬಹಳಷ್ಟು ಗಂಡಸರೇ. "ಯಾರಿಗಿ ಬ್ಯಾನಿ?" ಎಂದು ಕೇಳಿದಾಗ ನಾನು ಅತ್ತೆಯ ಬೆನ್ನ ಹಿಂದೆ ಸರಿದೆ. ಅತ್ತೆ ಸೆರಗು ಎಳೆದುಕೊಂಡು ಮುಂದೆ ಕೂತರು.

"ನನಗ್ರಿ ಸ್ವಾಮ್ಯಾರ. ಮೂಲವ್ಯಾಧಿ ಅದ."

ಯಾರೋ ಕಿಸಕ್ಕೆಂದರು.

"ಒಣ ಮೂಲೋ, ರಕ್ತ ಬೀಳ್ತದೋ?"

"ಬೀಳ್ತದ್ರಿ. ಚೊಚ್ಚಲ ಬಾಣಂತನದಾಗ ಸುರು ಆಯ್ತು. ಗಂಟು ಹೊರಗ ಬರ್ತದ, ಬೆರಳಿಲೆ ಒತ್ತಿ ಒಳಗ ಹಾಕ್ಕೋಬೇಕು. ಭಾಳ ಉರೀತದ್ರಿ."

ವೈದ್ಯರ ಮುಂದೆ ಸುಳ್ಳು ಹೇಳಬಾರದು ಎನ್ನುತ್ತಾರೆ. ಅತ್ತೆ ನನ್ನ ಬೇನೆಯನ್ನು ತಮ್ಮದೆಂದು ಹೇಳುತ್ತ, ನನಗಿಲ್ಲದ್ದನ್ನೂ ಸೇರಿಸುತ್ತಿದ್ದರು. ಹಿಂದೆ ಕೂತಿದ್ದ ನನಗೆ ಸೆರಗಿನೊಳಗೆ ನಗು ಬಂತು.

"ಹೊಟ್ಟ್ಯಾಗಿನ ಬೆಂಕಿ ಮಂದ ಆದ್ರ ಉಂಡದ್ದು ಪಚನ ಆಗಂಗಿಲ್ಲ ಯವ್ವಾ, ಮಲ ಗಟ್ಟಿ ಆಗ್ತದ" ಎಂದು ಸ್ವಾಮಿಗಳು ತಿಳಿಸಿ ಹೇಳಿದರು. "ಮ್ಯಾಲ ನೀವು ತಡೀತೀರಿ. ವಾಯುಕ್ಕ ಕೆಳಗ ಹಾದಿ ಸಿಗಂಗಿಲ್ಲ. ಅಲ್ಲೇ ಗಂಟು ಕಟ್ತದ. ಬಂದದ್ದು ತಡೀಬ್ಯಾಡ್ರಿ."

"ತಡೀದ ಎಲ್ಲಿ ಹೋಗೋದ್ರಿ ನಾವು?" ಎಂದರು ಅತ್ತೆ.

ಸ್ವಾಮಿಗಳ ಹತ್ತಿರ ಅದಕ್ಕೆ ಔಷಧವಿರಲಿಲ್ಲ. ಉಳಿದದ್ದಕ್ಕೆ ಇತ್ತು. ಊಟದ ಮೇಲೆ ಹುರಿದ ಜೀರಿಗೆಯ ಪುಡಿ, ಸೈಂಧವ ಲವಣ ಹಾಕಿದ ತಿಳಿಮಜ್ಜಿಗೆ. ಮಲಗುವಾಗ ಅಳಲೆಕಾಯಿಯ ಪುಡಿ ಬೆಲ್ಲದ ಜೊತೆ. ರಕ್ತ ಕಟ್ಟಲು ಕರಿ ಎಳ್ಳನ್ನು ಅರೆದು ಬೆಣ್ಣೆಯಲ್ಲಿ ಕಲಸಿ ತಿನ್ನಬೇಕು. ತ್ರಿಫಲೆ ಕುದಿಸಿದ ಬೆಚ್ಚನೆಯ ನೀರಿನಲ್ಲಿ ಕೂರಬೇಕು. ಪಲ್ಯಕ್ಕೆ ಸುವರ್ಣಗಡ್ಡೆ. ಖಾರವನ್ನು ಮೂಸಿಯೂ ನೋಡಬಾರದು. ಜೊತೆಗೆ ಒಬ್ಬರಿಗೆ ಆಗುವಷ್ಟು ಲೇಹ್ಯವನ್ನು ಎಲೆಯಲ್ಲಿ ಕಟ್ಟಿಕೊಟ್ಟರು.

ಮನೆಗೆ ಬಂದ ಅತ್ತೆ ಗಂಡಸರ ಮುಂದೆಯೇ ಸಾರಿದರು. "ನನಗ ಮೂಲವ್ಯಾಧಿ ಆಗ್ಯದ. ನನಗಂತ ಬ್ಯಾರೆ ಅಡಿಗಿ ಆಗ್ತದ." ಮಾವ ಮುಖ ಆಚೆ ತಿರುಗಿಸಿದರು. ಮೈದುನ, "ನಮ್ಮವ್ವಗ ಮೆತ್ತನ್ನ ಗಾದಿ ಹಾಕ್ರಿ" ಎಂದು ನಕ್ಕ. ಹೊಟ್ಟೆಯಲ್ಲಿ ಹುಟ್ಟಿದ ಮಗ. ನನ್ನ ಗಂಡನೂ ಜೊತೆಗೆ ನಕ್ಕರು.

ಗಂಡಸರು ಎದ್ದುಹೋದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ. ಇಬ್ಬರಿಗೂ ಸಪ್ಪೆ ಅಡುಗೆ ಮಾಡಿದರೆ ಗುಟ್ಟು ಬಯಲಾಗುತ್ತಿತ್ತು. ಬೆಣ್ಣೆಯೂ ಒಬ್ಬರಿಗೆ ಸಾಲುವಷ್ಟೇ. ಅತ್ತೆ ತಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿ, ನನ್ನ ರೊಟ್ಟಿ ಹಿಂಡಿಯನ್ನು ತಾವು ಎಳೆದುಕೊಳ್ಳುತ್ತಿದ್ದರು. ಲೇಹ್ಯ ಪೂರ್ತಿ ನನಗೇ ತಿನ್ನಿಸಿದರು. ತ್ರಿಫಲೆಯ ನೀರನ್ನು ಬಚ್ಚಲಿಗೆ ಒಯ್ಯುವಾಗ ತಮಗೆಂದು ಕೂಗಿ ಹೇಳಿ, ಒಳಗೆ ನನ್ನನ್ನು ಕೂರಿಸಿ, ಬಾಗಿಲಿಗೆ ಕಾವಲು ನಿಲ್ಲುತ್ತಿದ್ದರು. ಹಿಂಡಿ ಉಣ್ಣುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ದಿನ ಸಲುಗೆಯಿಂದ ಅಂದೇಬಿಟ್ಟೆ. "ಅತ್ತೀ, ನೀವು ಭಾಳ ಛಂದ ಸೋಗು ಹಾಕ್ತೀರಿ. ಬಯಲಾಟದಾಗ ಇರಬೇಕಿತ್ತು ನೋಡ್ರಿ."

"ಬಾಯಿ ಮುಚ್ಕೊಂಡು ಉಣ್ಣು" ಎಂದರು.

ನಾನು ಗುಣವಾದೆ. ಕೂಸಿಗೆ ಹಾಲು ಬಂತು. ನನ್ನನ್ನು ಯಾರೂ ತವರಿಗೆ ಅಟ್ಟಲಿಲ್ಲ. ಮನೆಯ ನಗೆಚಾಟಿಕೆ ಮಾತ್ರ ಅತ್ತೆಯ ಬೆನ್ನು ಬಿಡಲಿಲ್ಲ. ಅವರು ಎಲ್ಲಿ ಕೂರಹೋದರೂ ಯಾರಾದರೊಬ್ಬರು ಹುಬ್ಬು ಹಾರಿಸುವವರೇ. ಅಂಥ ಬಾಯಿಯವರು ಅದಕ್ಕೆ ಮಾತ್ರ ಎದುರಾಡುತ್ತಿರಲಿಲ್ಲ. ನನ್ನ ಸಲುವಾಗಿ ಸುಳ್ಳು ಹೊತ್ತುಕೊಂಡಿದ್ದಾರೆಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ, ರಜಾಕಾರರ ಅಂಜಿಕೆಯ ದಿನಗಳಲ್ಲಿ, ಹೆಂಗಸರು ಕತ್ತಲಲ್ಲೂ ಹೊರಗೆ ಹೋಗುವಂತಿರಲಿಲ್ಲ. ಆ ವರ್ಷವೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಲ್ಲಿಯವರೆಗೆ ಒಬ್ಬರಿಂದಲೂ ಮೈ ಮುಟ್ಟಿಸಿಕೊಂಡವರಲ್ಲ. ಮೊದಲ ಸಲ ನಾನು ಅವರನ್ನು ಮಗ್ಗುಲಿಗೆ ಹೊರಳಿಸಿ ತೊಳೆಯಲು ಹೋದೆ.

"ನೋಡಬ್ಯಾಡ. ಬಟ್ಟಿ ಹಾಕು" ಎಂದರು.

ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ನನಗಾಗಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೊಸದಲ್ಲ, ಹಳೆಯ ಗಂಟುಗಳು, ಒಂದರ ಮೇಲೊಂದು, ಹಸಿಯಾಗಿ ರಕ್ತ ಜಿನುಗುತ್ತಿದ್ದವು. ಚಿತ್ತಾಪುರದ ಕಟ್ಟೆಯ ಮೇಲೆ ಅವರು ಸೇರಿಸಿ ಹೇಳಿದ್ದೆಲ್ಲ ಕಣ್ಣ ಮುಂದೆಯೇ ಇತ್ತು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ, ನನ್ನ ಬೇನೆಗೂ ಆಗಿರಲಿಲ್ಲ.

"ಅತ್ತೀ, ಅರ್ಧ ಲೇಹ್ಯನಾದ್ರೂ ನೀವು ತಗೋಬಾರದಿತ್ತೇನ್ರಿ? ನನಗೊಂದು ಮಾತು ಹೇಳಬಾರದಿತ್ತೇನ್ರಿ?"

ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

"ಹೇಳಿದ್ನಲ್ಲಾ! ಸ್ವಾಮ್ಯಾರ ಮುಂದ ಹೇಳ್ದೆ, ಮನ್ಯಾಗ ಎಲ್ಲರ ಮುಂದ ಹೇಳ್ದೆ. ನೀನೇ ನಗ್ಲಿಕತ್ತಿದ್ದಿ."