ತೂಬಿನ ಮೇಲೆ ಹಾರಿದ ಬಾವುಟ

ನನ್ನ ತವರು ಕಾಲುವೆಯ ಆಚೆ, ಗಂಡನ ಮನೆ ಈಚೆ. ಅರಕೆರೆ ಕಡೆಯ ಈ ಎರಡು ಊರುಗಳ ನಡುವೆ ಒಂದು ಸೇತುವೆಯಷ್ಟೇ ದೂರ. ಆದರೂ ನನ್ನ ಮದುವೆಯಾದ ಮೇಲೆ ಊರಿನವರು ತೂಬಿನ ನೀರಿಗಾಗಿ ಬಡಿದಾಡಿಕೊಂಡು ಹೆಣ್ಣು ಕೊಡುವುದು ತರುವುದು ನಿಂತಿತು, ಹೋಗಿ ಬರುವುದೂ ನಿಂತಿತು. ಅವ್ವ ಆಚೆ ದಡದಲ್ಲಿ ಬಟ್ಟೆ ಒಗೆಯುವಾಗ ನಾನು ಈಚೆ ದಡದಲ್ಲಿ ಪಾತ್ರೆ ಬೆಳಗುತ್ತಿದ್ದೆ. ಮಾತಿಲ್ಲ. ಅವಳು ಸೀರೆಯನ್ನು ಕಲ್ಲಿಗೆ ಬಡಿಯುವ ಸದ್ದಿನಲ್ಲೇ ಸೊಂಟನೋವು ಹೆಚ್ಚೋ ಕಡಿಮೆಯೋ ಅಂದಾಜು ಮಾಡುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಒಮ್ಮೆ, ನಾಟಿಗೆ ಮುಂಚೆ, ಎರಡೂ ಊರಿನ ಯಜಮಾನರು ರಾಜಿಗೆ ಬಂದರು. ನೀರು ಸರದಿಯ ಮೇಲೆ. ತೂಬಿನ ಮೇಲೆ ಎರಡೂ ಊರಿಗೆ ಸೇರಿ ಒಂದೇ ಬಾವುಟ. ಅದು ಹಾರಿದ ಮೇಲೆಯೇ ತೂಬು ಎತ್ತುವುದು. ಹೊಲಿಯುವ ಕೆಲಸ ನನಗೆ ಬಂತು. ಎರಡೂ ಊರಿಗೆ ಬೇಕಾದವಳು, ಮನೆಯಲ್ಲಿ ಹೊಲಿಗೆ ಮಿಷನ್ನೂ ಇತ್ತು.

ಬಣ್ಣಕ್ಕೆ ತಕರಾರಿರಲಿಲ್ಲ. ಸಂಕ್ರಾಂತಿಗೆ ಕಿಚ್ಚು ಹಾಯಿಸುವಾಗ ಎತ್ತಿನ ಕೊಂಬಿಗೆ ಈಚೆಯವರು ಕೆಂಪು ಬಟ್ಟೆ ಕಟ್ಟುತ್ತಿದ್ದರು, ಆಚೆಯವರು ಹಸಿರು. ಜಗಳ ಬಂದದ್ದು ಯಾವುದು ಮೇಲೆ ಎಂಬುದಕ್ಕೆ.

"ಕೆಂಪು ಮೇಲಿರ್ಲಿ ಕಣಮ್ಮಿ. ಇಲ್ದಿದ್ರೆ ನಮ್ಮೋರು ಸುಮ್ಕಿರಾಕಿಲ್ಲ," ಅಂದರು ನಮ್ಮ ಮನೆಯವರು.

ನನ್ನ ತಮ್ಮ ಆಚೆ ದಡದಿಂದಲೇ ಕೂಗಿದ: "ಅಕ್ಕಾ, ಅಸ್ರು ಕೆಳೀಕಾಕುದ್ರೆ ಕಂಬನೇ ಕಿತ್ತಾಕ್ತೀವಿ, ಬಾವುಂಗೆ ಏಳ್ಬುಡು!"

"ಬಾರ್ಲಾ ಬಾಮೈದ, ಕೀಳು! ನಿನ್ ಮೈಗೆ ತಕ್ಕಂಗೆ ತೆಳ್ಳುಂದೇ ನೆಡ್ಸಿವ್ನಿ!" ಅಂತ ಈಚೆಯಿಂದ ಮನೆಯವರು ಕೂಗಿದರು.

ಪಕ್ಕಪಕ್ಕ ಇಡೋಣವೆಂದರೆ ಕಂಬದ ಹತ್ತಿರ ಯಾವುದು ಅಂದರು. ಕೊನೆಗೆ ರವಿಕೆಗೆ ಲೈನಿಂಗ್ ಕೊಡುತ್ತ ಕೂತಿದ್ದಾಗ ಹೊಳೆಯಿತು: ಬೆನ್ನಿಗೆ ಬೆನ್ನು ಕೊಟ್ಟು ಹೊಲಿದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ಶ್ರೀರಂಗಪಟ್ಟಣದಿಂದ ಬಟ್ಟೆ ತರಿಸಿ, ಒಳಮಗ್ಗುಲಿಗೆ ಹೊಲಿದು ತಿರುವಿದೆ.

ಏರಿಸಿದ ದಿನ ಎರಡೂ ದಡದಲ್ಲಿ ಜನ. ಬಾವುಟ ಮಾತ್ರ ಒದ್ದೆ ಟವೆಲಿನಂತೆ ಇಳಿಬಿತ್ತು. ಎರಡು ಪದರದ ಭಾರವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಬಾವುಟ ಮೇಲಕ್ಕಾರ್ಲಿ, ಆಮೇಕ್ ತೂಬ್ ಎತ್ತೀನಿ," ಅಂದ ನೀರುಗಂಟಿ, ತೂಬಿನ ತಿರುಗಣೆ ಹಿಡಿದುಕೊಂಡೇ.

ಗುಸುಗುಸು ಶುರುವಾಯಿತು. ರಾಜಿ ಮುರಿದರೆ ಅವ್ವನ ಮನೆ ಬಾಗಿಲು ನನ್ನ ಪಾಲಿಗೆ ಶಾಶ್ವತವಾಗಿ ಮುಚ್ಚಿದಂತೆಯೇ. ಆಚೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಕಬ್ಬಿನ ಗದ್ದೆಯ ಕಡೆಯಿಂದ ಗಾಳಿ ಎದ್ದಿತು. ಬಾವುಟ ಒಮ್ಮೆ ಮೈಮುರಿದು ಪಟ್ಟನೆ ಬಿಚ್ಚಿಕೊಂಡಿತು. ನಮ್ಮ ಕಡೆಗೆ ಕಂಡದ್ದು ಹಸಿರು! ಆಚೆಯವರಿಗೆ ಕೆಂಪು.

"ಇದ್ಯಾಕಮ್ಮಿ, ಅವ್ರುದ್ನ ನಮ್ಕಡಿಕ್ ತಿರುಗ್ಸಿದ್ದೀಯೆ?" ಅಂದರು ಮನೆಯವರು. ನಾನು ಬಾಯಿ ತೆರೆಯುವ ಮೊದಲೇ ಗಾಳಿ ಹೊರಳಿತು. ಕೆಂಪು ಈಚೆ ಬಂತು, ಮತ್ತೆ ಹಸಿರು, ಮತ್ತೆ ಕೆಂಪು. ಯಾರ ಬಣ್ಣ ಯಾರ ಕಡೆ ಎಂದು ಹೇಳುವಂತಿರಲಿಲ್ಲ. ನನ್ನ ಕೈಯಿಂದಲೇ ಹೊಲಿದ ಬಟ್ಟೆ. ಅದು ಹೀಗೆ ಮಾಡೀತೆಂದು ನನಗೇ ಗೊತ್ತಿರಲಿಲ್ಲ. ನೀರುಗಂಟಿ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ, ಆಮೇಲೆ ತಿರುಗಣೆ ತಿರುಗಿಸಿದ. ನೀರು ಭೋರೆಂದಿತು.

ಆ ಸದ್ದಿನ ಮೇಲೂ ಅವ್ವನ ದನಿ ಕೇಳಿಸಿತು: "ನಿಂತೇ ಇದ್ದೀಯಲ್ಲವ್ವಾ! ಉಪ್ಸಾರು ಆರೋಯ್ತದೆ, ಬಾ!"

ಮನೆಯವರ ಮುಖ ನೋಡಿದೆ. ಅವರಿನ್ನೂ ಬಾಯಿ ತೆರೆದುಕೊಂಡು ಬಾವುಟವನ್ನೇ ನೋಡುತ್ತಿದ್ದರು. ನಾನು ಸೇತುವೆ ದಾಟಿದೆ.