ತಿದ್ದಿದ ಮೂಗು

ಫೋಟೋ ಸ್ಟುಡಿಯೋದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು 'ಟಚಿಂಗ್ ಅಕ್ಕ' ಎಂದೇ. ಇಪ್ಪತ್ತೆರಡು ವರ್ಷಗಳಿಂದ ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕಂಡವರ ಮುಖ ತಿದ್ದುವುದೇ ಆಕೆಯ ಕೆಲಸ. ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಕೇಳಿದರೂ ಅಳಿಸುತ್ತಿದ್ದಳು, ಕೇಳದಿದ್ದರೂ ಅಳಿಸುತ್ತಿದ್ದಳು. ಶಾಲೆಯ ಗುರುತಿನ ಚೀಟಿಯ ಫೋಟೋಗಳನ್ನಂತೂ ಸಾಲಾಗಿ ತಿದ್ದಿ ಕೈತೊಳೆದುಕೊಳ್ಳುವುದು ರೂಢಿ. ಒಮ್ಮೆ ಒಂಬತ್ತನೇ ತರಗತಿಯ ಸಾಲಿನಲ್ಲಿ ಸ್ವಂತ ಮಗಳ ಮುಖವೂ ಬಂತು. ಮೂಗಿನ ನಡುವೆ ಅಪ್ಪನಿಗಿರುವಂಥದೇ ಸಣ್ಣ ಉಬ್ಬು. ಕೈ ತಡೆಯಲಿಲ್ಲ, ಅದೂ ನುಣುಪಾಯಿತು.

ಹದಿನಾರು ತುಂಬುತ್ತಲೇ ಮಗಳು ಮೂಗಿನ ಆಪರೇಷನ್ನಿಗೆ ಹಟ ಹಿಡಿದಳು. ಅನ್ನ ನೀರು ಬಿಟ್ಟು ಕೂತವಳೆದುರು ತಾಯಿ ಸೋತು ಸಹಿ ಹಾಕಿದಳು. ಮೂಗು ನೇರವಾಯಿತು, ಮಗಳು ಮುದುಡಿಹೋದಳು. ಬಚ್ಚಲ ಕನ್ನಡಿಗೆ ಟವೆಲ್ ಹೊದಿಸಿದಳು, ಗೆಳತಿಯರ ಫೋನ್ ಎತ್ತುವುದನ್ನು ಬಿಟ್ಟಳು. ಈಗ ಸ್ಕೇಲು ಹಿಡಿದು ಗದ್ದ ಅಳೆಯತೊಡಗಿದ್ದಳು.

ತಪಾಸಣೆಯ ದಿನ ಡಾಕ್ಟರು ನಗುನಗುತ್ತಲೇ ಕಾಗದ ಮುಂದೆ ತಳ್ಳಿದರು. "ಗದ್ದ ಸ್ವಲ್ಪ ಮುಂದೆ ತಂದ್ರೆ ಎಲ್ಲಾ ಹೊಂದ್ಕೊಳ್ಳುತ್ತೆ ಅಮ್ಮ. ಇಲ್ಲೊಂದು ಸಹಿ ಹಾಕಿ."

"ಇವಳು ನಿದ್ದೇನೇ ಮಾಡ್ತಿಲ್ಲ ಡಾಕ್ಟ್ರೇ. ಅದನ್ನ ಕೇಳಿದ್ರಾ?"

"ಚೆನ್ನಾಗಿ ಕಂಡ್ರೆ ನಿದ್ದೆ ತಾನಾಗೇ ಬರುತ್ತೆ."

"ಮಕ್ಕಳ ಮುಖ ಏನು ಕಾಂಪೌಂಡ್ ಗೋಡೇನಾ, ಸೊಟ್ಟ ಅಂತ ಕೆಡವಿ ಕೆಡವಿ ಕಟ್ಟೋಕೆ?"

ಆಕೆಯ ದನಿಗೆ ಹೊರಗೆ ಕೂತಿದ್ದವರು ಒಳಗೆ ಇಣುಕಿದರು. ಡಾಕ್ಟರು ಹುಬ್ಬು ಗಂಟಿಕ್ಕಿ ಫೈಲು ತೆರೆದರು. "ನಾನೇನು ಮನಸ್ಸಿಗೆ ಬಂದ ಹಾಗೆ ಮಾಡಿದ್ನಾ? ನಿಮ್ಮ ಮಗಳು ತಂದ ಫೋಟೋ ನೋಡೇ ಮಾಡಿದ್ದು."

ಅದು ಗುರುತಿನ ಚೀಟಿಯ ಫೋಟೋ, ಆಕೆಯದೇ ಕೈಕೆಲಸ.

ಆಕೆ ಕಾಗದವನ್ನು ಎರಡಾಗಿ ಹರಿದಳು. "ಶಾಲೆ ಫೋಟೋ ಹಿಡ್ಕೊಂಡು ಬಂದ ಮಗು ಮೇಲೆ ಕತ್ತಿ ಆಡಿಸಿದ್ರಲ್ಲ! ನನ್ನ ಕೈಗೆ ಬುದ್ಧಿ ಇರ್ಲಿಲ್ಲ, ನಿಮ್ಮ ಓದಿಗಾದ್ರೂ ಇರಬೇಡ್ವಾ?"

ಮಗಳು ಮನೆಯ ಹೊಸ್ತಿಲಲ್ಲಿ ಸಿಡಿದಳು. "ಅವರ ಮೇಲೆ ಯಾಕಮ್ಮ ಕೂಗಾಡ್ತೀಯ? ನನ್ನ ಮೂಗು ಸರಿ ಇಲ್ಲ ಅಂತ ಮೊದಲು ಹೇಳಿದ್ದೇ ನೀನು. ಬಾಯಲ್ಲಿ ಹೇಳ್ಲಿಲ್ಲ, ಅಷ್ಟೇ."

ಮರುದಿನ ಆಕೆ ತಿದ್ದದ ಮೂಲ ಫೋಟೋವನ್ನು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹುಡುಕಿ ಪ್ರಿಂಟ್ ತೆಗೆಯುತ್ತಿದ್ದಾಗ ಮಾಲೀಕ ಬಂದ. "ಏನಕ್ಕಾ, ಬೆಳಿಗ್ಗೆ ಬಂದ ಹುಡುಗನ ಫೋಟೋದಲ್ಲಿ ಮಚ್ಚೆ ಹಾಗೇ ಇದೆ? ಕಣ್ಣು ಮಂಜಾಯ್ತಾ?"

"ತೆಗೀರಿ ಅಂತ ಆ ಹುಡುಗ ಕೇಳಿದ್ನಾ?"

"ಯಾರು ಕೇಳ್ತಾರೆ? ನಾವೇ ಮಾಡಿಕೊಡೋದು."

"ಹಾಗಾದ್ರೆ ನೀವೇ ಮಾಡಿ." ಮೌಸನ್ನು ಅವನತ್ತ ತಳ್ಳಿ ಆಕೆ ಎದ್ದಳು.

ಸಂಜೆ ಮಗಳು ತಾಯಿ ತಂದುಕೊಟ್ಟ ಆ ಮೂಲ ಫೋಟೋ ಹಿಡಿದು ನಿಂತೇ ಇದ್ದಳು. ಅದರಲ್ಲಿ ಉಬ್ಬು ಮೂಗು, ಬಾಯ್ತುಂಬ ನಗು.

"ಇದನ್ನ ಆಗ್ಲೇ ಯಾಕೆ ಕೊಡ್ಲಿಲ್ಲ?" ಎಂದಳು, ಹಲ್ಲು ಕಚ್ಚಿ. ತಾಯಿ ಕೈ ಚಾಚಿದಳು. ಮಗಳು ಫೋಟೋ ಹಿಂದಿರುಗಿಸಲಿಲ್ಲ.